ಮೆಟ್ಟಿಲ ಕೆಳಗಿನ ಚಕ್ರ

ಜಗಳ ಶುರುವಾದದ್ದು ಕರೆಂಟ್ ಬಿಲ್ಲಿನಿಂದ. ಎರಡು ತಿಂಗಳಿಂದ ಅದು ಏರಿ ಕುಳಿತಿತ್ತು. ಅತ್ತೆ ಮಗಳ ಮನೆಗೆ ಇರಲು ಬರುವಾಗ ಜೊತೆಗೆ ತಂದ ಹಳೇ ಫ್ರಿಜ್ಜೇ ಇದಕ್ಕೆ ಕಾರಣವೆಂದು ಪ್ರೂಫ್ ರೀಡರನ ವಾದ. ಅಳಿಯ ದಿನಾ ಬೆಳಿಗ್ಗೆ ಅರ್ಧ ಗಂಟೆ ಹಾಕಿಡುವ ಗೀಸರ್ ಕಾರಣವೆಂದು ಅತ್ತೆಯ ವಾದ. ಇಬ್ಬರ ನಡುವೆ ಸಿಕ್ಕಿ ಬೇಸತ್ತ ಹೆಂಡತಿ ಭಾನುವಾರ ಬೆಳಿಗ್ಗೆ ಕಾಫಿ ಲೋಟ ಎತ್ತುತ್ತಾ ತೀರ್ಪು ಕೊಟ್ಟಳು: ಇವತ್ತು ಸಂಜೆಯೊಳಗೆ ತಪ್ಪು ಯಾವುದರದ್ದು ಅಂತ ಗೊತ್ತಾಗಬೇಕು, ಅದು ಗುಜರಿಗೆ ಹೋಗಬೇಕು.

ಪ್ರೂಫ್ ರೀಡರನಿಗೆ ಬೆನ್ನು ಹಿಡಿದುಕೊಳ್ಳುವ ತೊಂದರೆ. ಬೆಳಿಗ್ಗೆ ನಾಲ್ಕು ಚೊಂಬು ಬಿಸಿನೀರು ಬೀಳದಿದ್ದರೆ ಇಡೀ ದಿನ ಪ್ರಶ್ನಾರ್ಥಕ ಚಿಹ್ನೆಯಂತೆ ಬಾಗಿಯೇ ಇರುತ್ತಿದ್ದ. ಆದರೂ ಅವನು ಹೆದರಲಿಲ್ಲ. ಇಪ್ಪತ್ತು ವರ್ಷ ಬೇರೆಯವರ ತಪ್ಪು ಹಿಡಿದೇ ಸಂಬಳ ತೆಗೆದುಕೊಂಡವನು. ಫ್ರಿಜ್ಜು ಯಾವ ಲೆಕ್ಕ?

ಮೂರು ಮನೆಯ ಆ ಕಟ್ಟಡದ ಮೀಟರುಗಳು ಮೆಟ್ಟಿಲ ಕೆಳಗೆ, ಹಗಲಲ್ಲೂ ಕತ್ತಲಿರುವ ಮೂಲೆಯಲ್ಲಿದ್ದವು. ಅವುಗಳ ಮೇಲೊಂದು ದಪ್ಪ ಬಲ್ಬು ಸದಾ ಉರಿಯುತ್ತಿತ್ತು. ಮೂರು ಮೀಟರೂ ಮೂರು ತಲೆಮಾರಿನವು. ಪ್ರೂಫ್ ರೀಡರನದು ಗಾಜಿನೊಳಗೆ ತಗಡಿನ ಚಕ್ರ ತಿರುಗುವ ಮುದುಕ. ಕರೆಂಟು ಹೆಚ್ಚು ಹರಿದಷ್ಟೂ ಚಕ್ರ ಜೋರು. ಕೆಳಮನೆಯ ಟೈಲರನದು ಡಿಜಿಟಲ್. ಕರೆಂಟು ಬಳಸುತ್ತಿದ್ದರೆ ಕೆಂಪು ದೀಪ ಕಣ್ಣು ಹೊಡೆಯುತ್ತದೆ. ಮೇಲ್ಮನೆಯ ನಿವೃತ್ತ ಗುಮಾಸ್ತರದು ಹೊಚ್ಚಹೊಸ ಸ್ಮಾರ್ಟ್ ಮೀಟರು. ಲೆಕ್ಕವೆಲ್ಲ ಫೋನಿಗೇ ಬರುತ್ತದೆ, ಕೆಳಗಿಳಿಯುವ ಅಗತ್ಯವೇ ಇಲ್ಲ. ಆದ್ದರಿಂದ ಅವರು ದಿನಕ್ಕೆರಡು ಸಲ ಇಳಿದುಬಂದು ಬೇರೆಯವರ ಮೀಟರು ನೋಡಿ ಹೋಗುತ್ತಿದ್ದರು.

ಪ್ರೂಫ್ ರೀಡರ್ ಸ್ಟೂಲು ಹಾಕಿಕೊಂಡು, ನೋಟ್‌ಬುಕ್ ಹಿಡಿದು ಕುಳಿತ. ಮೇಲಿಂದ ಹೆಂಡತಿ ಒಂದೊಂದೇ ಸ್ವಿಚ್ ಹಾಕುತ್ತಾ ಕೂಗಿ ಹೇಳುತ್ತಿದ್ದಳು. ಗೀಸರ್ ಹಾಕಿದಾಗ ಚಕ್ರ ಬುಗುರಿಯಾಯಿತು. ಅವನು ಅತ್ತಿತ್ತ ನೋಡಿ, ‘ಸಾಧಾರಣ’ ಎಂದು ಬರೆದುಕೊಂಡ. ಆಮೇಲೆ, ಯಾವುದಕ್ಕೂ ಒಮ್ಮೆ ಮೇನ್ ಸ್ವಿಚ್ಚೇ ಆರಿಸು ಎಂದು ಕೂಗಿದ.

ಹೆಂಡತಿ ಆರಿಸಿದಳು. ಚಕ್ರ ನಿಲ್ಲಲಿಲ್ಲ. ಊಟವಾದ ಮೇಲೆ ಹಿತ್ತಲಲ್ಲಿ ಅಡ್ಡಾಡುವ ಯಜಮಾನನಂತೆ ನಿಧಾನವಾಗಿ ತಿರುಗುತ್ತಲೇ ಇತ್ತು.

ಪ್ರೂಫ್ ರೀಡರನಿಗೆ ಜೀವ ಬಂದಂತಾಯಿತು. ಹಾಗಾದರೆ ಫ್ರಿಜ್ಜೂ ಅಲ್ಲ, ಗೀಸರೂ ಅಲ್ಲ. ಯಾರೋ ಅವನ ಕರೆಂಟು ಕದಿಯುತ್ತಿದ್ದಾರೆ. ಅವನ ಕಣ್ಣು ಸೀದಾ ಕೆಳಮನೆಯ ತೆರೆದ ಬಾಗಿಲೊಳಗೆ, ಟೈಲರನ ಇಸ್ತ್ರಿಪೆಟ್ಟಿಗೆಯ ಮೇಲೆ ಬಿತ್ತು.

ಟೈಲರ್ ಆ ನೋಟ ಕಂಡು ತನ್ನ ಮನೆಯ ಮೇನ್ ಆರಿಸಿ, ಅರ್ಧ ಇಸ್ತ್ರಿಯಾದ ಕೋಟು ಹಿಡಿದು ಬಂದ. ಅವನ ಮೀಟರಿನ ಕೆಂಪು ಕಣ್ಣು ಮುಚ್ಚಿತು. ಚಕ್ರ ಮಾತ್ರ ತಿರುಗುತ್ತಿತ್ತು.

“ನೋಡಿ ಸಾರ್, ಸಂಜೆ ಕೊಡಬೇಕಾಗಿರೋ ಕೋಟು,” ಎಂದು ಅವನು ಅದನ್ನೇ ಎತ್ತಿ ತೋರಿಸಿದ. “ಒಂದು ತೋಳು ಮದುವೆಗೆ ಹೊರಟ ಹಾಗಿದೆ, ಇನ್ನೊಂದು ಈಗ ತಾನೇ ಹಾಸಿಗೆಯಿಂದ ಎದ್ದ ಹಾಗಿದೆ. ಇದಕ್ಕೇನು ಹೇಳ್ತೀರಿ?”

ಅಷ್ಟರಲ್ಲಿ ಗುಮಾಸ್ತರು ಇಳಿದುಬಂದರು. ತಮ್ಮ ಮೇಲೂ ಅನುಮಾನವಿದೆಯೆಂದು ತಿಳಿದು, ಮನೆಯ ಕರೆಂಟೆಲ್ಲ ಆರಿಸಿ ಬಂದು, ಸೊನ್ನೆ ತೋರಿಸುವ ಫೋನನ್ನು ಎಲ್ಲರ ಮೂಗಿನ ಮುಂದೆ ಹಿಡಿದರು. ವಯಸ್ಸಾದ ಚಕ್ರ ಅಭ್ಯಾಸಬಲದಿಂದ ತಿರುಗುತ್ತದೆ, ಎರಡು ತಟ್ಟಿದರೆ ನಿಲ್ಲುತ್ತದೆ ಎಂದರು. ಟೈಲರ್ ಕೋಟಿನ ಸಿಟ್ಟನ್ನೂ ಸೇರಿಸಿ ನಾಲ್ಕು ತಟ್ಟಿದ. ನಿಲ್ಲಲಿಲ್ಲ.

ಮೂರು ಮನೆಯೂ ಆರಿಹೋಗಿ, ಫ್ಯಾನಿಲ್ಲದೆ ಎಲ್ಲರೂ ಮೆಟ್ಟಿಲ ಮೇಲೆ ಬೆವರುತ್ತಾ ಕುಳಿತರು. ಪ್ರೂಫ್ ರೀಡರ್ ಸ್ಟೂಲಿನಿಂದೆದ್ದು ನಿಂತ.

“ಇದು ಯಾರ ಕೆಲಸ ಅಂತ ಗೊತ್ತಾಗ್ಲಿ. ಅವರು ನಾಳೆಯಿಂದ ಹಿಡಿದು ಬರೋ ಚಳಿಗಾಲ ಪೂರ್ತಿ ತಣ್ಣೀರಲ್ಲೇ ಸ್ನಾನ ಮಾಡ್ಬೇಕು. ಎಲ್ಲರೂ ಒಪ್ಪುತ್ತೀರಾ?”

ಎಲ್ಲರೂ ಒಪ್ಪಿದರು. ಅತ್ತೆ ಎಲ್ಲರಿಗಿಂತ ಮೊದಲು ಒಪ್ಪಿದರು.

ಟೈಲರ್ ತನ್ನ ಗಿರಾಕಿಯಾಗಿದ್ದ ಲೈನ್‌ಮನ್‌ನನ್ನು ಮಧ್ಯಾಹ್ನದ ನಿದ್ದೆಯಿಂದ ಎಬ್ಬಿಸಿ ಕರೆತಂದ. ಆತ ಆಕಳಿಸುತ್ತಾ ಬಂದು ಮೀಟರನ್ನು ನೋಡಲೇ ಇಲ್ಲ, ತಲೆಯೆತ್ತಿ ಬಲ್ಬು ನೋಡಿದ. ಇದರ ಸ್ವಿಚ್ ಎಲ್ಲಿ ಎಂದು ಕೇಳಿದ. ಸ್ವಿಚ್ಚೇ ಇರಲಿಲ್ಲ. ಹೆಗಲ ಟವೆಲನ್ನು ಕೈಗೆ ಸುತ್ತಿಕೊಂಡು ಬಲ್ಬನ್ನು ಬಿಚ್ಚಿದ. ಮೂಲೆ ಕಪ್ಪಾಯಿತು. ಕತ್ತಲಲ್ಲಿ ಟಾರ್ಚು ಬಿಟ್ಟ.

ಚಕ್ರ ನಿಂತಿತ್ತು.

“ಇನ್ನೂರು ವ್ಯಾಟಿನ ಬಲ್ಬು, ಇಪ್ಪತ್ನಾಲ್ಕು ಗಂಟೆ ಉರೀತಿದೆ. ವೈರು ಮೇನ್ ಸ್ವಿಚ್ಚಿಗೂ ಮೊದಲೇ, ನೇರ ನಿಮ್ಮ ಮೀಟರಿಂದಾನೇ ಎಳೆದಿರೋದು,” ಎಂದ ಲೈನ್‌ಮನ್. “ಇದನ್ನ ಹಾಕಿದ ಪುಣ್ಯಾತ್ಮ ಯಾರು?”

ಟೈಲರ್ ಗುಮಾಸ್ತರನ್ನು ನೋಡಿದ. ಗುಮಾಸ್ತರು ಟೈಲರನನ್ನು ನೋಡಿದರು. ಪ್ರೂಫ್ ರೀಡರ್ ನೋಟ್‌ಬುಕ್ಕಿನಲ್ಲಿ ಏನನ್ನೋ ಹುಡುಕತೊಡಗಿದ.

“ನಮ್ಮ ಅಳಿಯಂದಿರೇ,” ಎಂದರು ಅತ್ತೆ, ಮೂರನೇ ಮೆಟ್ಟಿಲಿಂದ ಕದಲದೆ. “ಎರಡು ತಿಂಗಳಾಯ್ತು. ಬಿಲ್ಲಲ್ಲಿ ಏನೋ ತಪ್ಪಿರುತ್ತೆ, ಮೀಟರ್ ಸರಿಯಾಗಿ ಕಾಣ್ಬೇಕು ಅಂತ ಅವರೇ ಹಾಕಿದ್ದು. ಟಾರ್ಚ್ ಹಿಡ್ಕೊಂಡಿದ್ದೋಳು ನಾನು. ಆಗ ಬಿಲ್ಲು ಸರಿಯಾಗೇ ಬರ್ತಿತ್ತು.”

ಗುಮಾಸ್ತರು, ಚಳಿಗಾಲ ಯಾವಾಗ ಶುರು ಎಂದು ಫೋನಿನಲ್ಲಿ ನೋಡಿ ಹೇಳಿದರು.

ಸಂಜೆ ಹೆಂಡತಿ ಗೀಸರಿನ ಸ್ವಿಚ್ಚಿಗೆ ಟೇಪು ಹಚ್ಚಿದಳು. ಮರುದಿನ ಬೆಳಿಗ್ಗೆ ಪ್ರೂಫ್ ರೀಡರ್ ಬಕೆಟ್ಟಿನ ಮುಂದೆ ಚೊಂಬು ಹಿಡಿದು, ಬಾಗಿ, ಬಹಳ ಹೊತ್ತು ನಿಂತಿದ್ದ. ಹೊರಗೆ ಫ್ರಿಜ್ಜಿನ ಬಾಗಿಲು ತೆರೆದ ಸದ್ದಾಯಿತು.

“ನೀರು ಸಾಲದಿದ್ರೆ ಹೇಳಿ ಅಳಿಯಂದಿರೇ,” ಎಂದರು ಅತ್ತೆ. “ಇಲ್ಲಿ ಇನ್ನೂ ಎರಡು ಬಾಟಲಿ ಇದೆ.”