ಸ್ಕೈಲ್ಯಾಬಿಗೆ ಹೆದರಿ ಹೂತಿಟ್ಟ ಬೇಳೆ

ನನ್ನ ಅಕ್ಷರಗಳು ಕೋಳಿ ಕೆದರಿದ ಹಾಗಿವೆ, ಓದುವವರು ಕ್ಷಮಿಸಬೇಕು. ಏಳನೆಯ ತರಗತಿಗೆ ಶಾಲೆ ಬಿಟ್ಟವಳು, ದೊಡ್ಡ ಮಾತುಗಳು ಬರುವುದಿಲ್ಲ. ಆದರೆ ನಮ್ಮ ಭೀಮಶ್ಯಾ ಕಾಕಾನ ಬೇಳೆಗೆ ಆದದ್ದನ್ನು ಕೂಡಿಸದೆ ಕಳೆಯದೆ ಬರೆಯುತ್ತೇನೆ.

ಭಂಕೂರಿನ ಖಣಿಯಲ್ಲಿ ನೆಲಕ್ಕೆ ಹಾಸುವ ಫರಸಿ ಕಲ್ಲು ಸೀಳುವ ಭೀಮಶ್ಯಾನಿಗೆ ಜಗತ್ತಿನಲ್ಲಿ ಯಾವುದರ ಹೆದರಿಕೆಯೂ ಇರಲಿಲ್ಲ. ಹಾಗೆಂದು ಅವನೇ ಹೇಳುತ್ತಿದ್ದ. ಆದರೆ ಈ ವರ್ಷ ಸ್ಕೈಲ್ಯಾಬ್ ಎಂಬ ಮನೆಯಷ್ಟು ದೊಡ್ಡ ಯಂತ್ರ ಆಕಾಶದಿಂದ ಕಳಚಿ ಬೀಳಲಿದೆ, ಎಲ್ಲಿ ಎಂಬುದು ಹಾರಿಸಿದವರಿಗೇ ಗೊತ್ತಿಲ್ಲ ಎಂದು ದರ್ಜಿ ಶೌಕತ ಅಲಿಯ ರೇಡಿಯೊ ಹೇಳಿತು. ಅಂದು ಮೇಲಕ್ಕೆತ್ತಿದ ಕಾಕಾನ ಕುತ್ತಿಗೆ ಕೆಳಗಿಳಿಯಲಿಲ್ಲ. ಹೇಗೂ ಸಾಯುವುದೇ ಎಂದು ಊರವರು ಕೋಳಿ ಕೊಯ್ದು ತಿನ್ನತೊಡಗಿದರು. ಭೀಮಶ್ಯಾ ಮಾತ್ರ ಬದುಕುವ ನಿರ್ಧಾರ ಮಾಡಿದ.

“ಊರೆಲ್ಲಾ ಸತ್ತರೂ ನಮ್ಮ ಮನ್ಯಾಗ ಆರು ತಿಂಗಳು ಒಲಿ ಉರೀತದ, ನೋಡ್ತಿರು,” ಎಂದ ಹೆಂಡತಿಗೆ.

“ಊರೆಲ್ಲಾ ಸತ್ತ ಮ್ಯಾಲ ಕಡ್ಡಿಪೆಟಗಿ ಯಾರ ಅಂಗಡ್ಯಾಗ ತರ್ತೀರಿ?” ಎಂದಳು ಸುಂದರಮ್ಮ ಕಾಕಿ.

ಮನೆಯಲ್ಲಿದ್ದ ತೊಗರಿಬೇಳೆಯೆಲ್ಲ ದೊಡ್ಡ ಮಣ್ಣಿನ ಹರವಿಗೆ ಬಿತ್ತು. ಬೇಸಿಗೆಯಲ್ಲಿ ಕಾಕಿ ಒಣಗಿಸಿದ ಸಂಡಿಗೆ, ಶಾವಿಗೆಯೂ ಬಿದ್ದವು. ಮಳೆಗಾಲದಲ್ಲಿ ಖಣಿಯೊಳಗೆ ನೀರು ನಿಂತರೆ ಕೂಲಿಯಿಲ್ಲ. ಆ ದಿನಗಳಿಗೆಂದು ಕಾಕಿ ಕೂಡಿಟ್ಟದ್ದು ಅಷ್ಟೇ.

ಹುಳ ಹಿಡಿಯದಂತೆ ಬೂದಿ ಬೆರೆಸಬೇಕಿತ್ತು. ಮೂಲೆಯಲ್ಲಿ ಎರಡು ಡಾಲ್ಡಾ ಡಬ್ಬಿಗಳಿದ್ದವು. ಒಂದರಲ್ಲಿ ಒಲೆಯ ಬೂದಿ. ಇನ್ನೊಂದರಲ್ಲಿ, ಬಚ್ಚಲಿನ ಬಿರುಕಿಗೆ ಹಚ್ಚಲೆಂದು ಗಾರೆ ಕೆಲಸದ ಗೌಂಡಿ ಕೊಟ್ಟುಹೋಗಿದ್ದ ಸಿಮೆಂಟು. ಭೀಮಶ್ಯಾನ ಕೈ ಡಬ್ಬಿಯಲ್ಲಿತ್ತು, ಕಣ್ಣು ಕಿಟಕಿಯಾಚೆ ಆಕಾಶದಲ್ಲಿತ್ತು.

“ಏ, ನಿನ್ನ ಒಲಿ ಬೂದಿ ಮೈದಾ ಹಿಟ್ಟಿನಂಗ ಅದ ನೋಡು,” ಎಂದ, ಹರವಿಯಲ್ಲಿ ಬೆರೆಸುತ್ತ.

“ನನ್ನ ಹೊಗಳ್ಲಿಕತ್ತೀರಲ್ಲ,” ಕಾಕಿ ಒಳಗಿನಿಂದಲೇ ಅಂದಳು. “ಖರೇನೇ ಸಾವು ಸನೇಕ ಬಂದದ.”

ಆಕಾಶದಿಂದ ಬರುವುದು ಬೆಂಕಿ, ಬೆಂಕಿಗೆ ಮದ್ದು ನೀರು. ಹೀಗೆ ಯೋಚಿಸಿ ಅವನು ಬಚ್ಚಲಿನ ಪಕ್ಕದ ಹಸಿ ನೆಲದಲ್ಲೇ ತಗ್ಗು ತೋಡಿ, ಹರವಿ ಇಳಿಸಿ, ಮೇಲೆ ಫರಸಿ ಮುಚ್ಚಿದ.

ಸ್ಕೈಲ್ಯಾಬ್ ಬೀಳುವ ದಿನ ನಾವೆಲ್ಲ ಹಗ್ಗದ ಮಂಚದ, ನಮ್ಮ ಹೊರಸಿನ, ಕೆಳಗೆ ಸೇರಿದೆವು. ಎಲ್ಲರಿಗಿಂತ ಒಳಗೆ, ಗೋಡೆಗೆ ಒತ್ತಿಕೊಂಡು ಕಾಕಾ. ಅಡಿಗೆಮನೆಯಲ್ಲಿ ಬೆಕ್ಕು ಸೌಟು ಬೀಳಿಸಿದಾಗ “ಬಿತ್ತು ಬಿತ್ತು” ಎಂದು ನನ್ನ ಕೈ ಹಿಡಿದ. ಅವನ ಬೆರಳು ತಣ್ಣಗಾಗಿದ್ದವು. ನನಗೂ ಅಳು ಬಂದಿತ್ತು. ಕೊನೆಗೆ ಶೌಕತ ಅಲಿ ಬಾಗಿಲು ಬಡಿದು, ಅದು ಎಲ್ಲೋ ದೂರದ ಸಮುದ್ರದ ಕಡೆ ಬಿತ್ತೆಂದು ಕೂಗಿ ಹೇಳಿದ.

ಆಮೇಲೆ ಮಳೆ ಬಿತ್ತು. ಖಣಿ ತುಂಬಿ ಕೆಲಸ ನಿಂತಿತು. ಮನೆಯಲ್ಲಿ ಬರೀ ರೊಟ್ಟಿ, ಖಾರ.

“ಈಗ ತಗೀರಿ ನಿಮ್ಮ ಬ್ಯಾಳಿ,” ಎಂದು ಕಾಕಿ ಮೊರ ಹಿಡಿದು ನಿಂತಳು.

ಫರಸಿ ಸರಿಸಿ ಕೈ ಹಾಕಿದ. ಕೈ ಇಳಿಯಲಿಲ್ಲ. ಹಾರೆಯಿಂದ ಮೆಲ್ಲಗೆ ತಟ್ಟಿದ. ಠಣ್ ಎಂದಿತು. ಹುಟ್ಟಿದಾಗಿನಿಂದ ಕೇಳಿದ ಕಲ್ಲಿನ ಸದ್ದೇ, ಆದರೆ ಅಂದು ಅವನು ಹಾರೆ ಕೆಳಗಿಟ್ಟ. ತಿಂಗಳಿನಿಂದ ಮೇಲೆ ನೋಡುತ್ತಿದ್ದ ಕುತ್ತಿಗೆ ಒಮ್ಮೆಲೇ ಕೆಳಗೆ ಬಿತ್ತು. ಹೆಂಡತಿಯ ಕಡೆ ತಿರುಗುವ ಧೈರ್ಯವೇ ಆಗಲಿಲ್ಲ.

ಕಾಕಿ ಮೂಲೆಗೆ ಹೋಗಿ ಡಬ್ಬಿಗಳನ್ನು ನೋಡಿ ಬಂದಳು. ಬೂದಿಯದು ತುಂಬಿತ್ತು, ಸಿಮೆಂಟಿನದು ಖಾಲಿ; ಉಳಿದದ್ದನ್ನು ಹಸಿ ನೆಲದ ನೀರು ಮಾಡಿ ಮುಗಿಸಿತ್ತು. ಮೊರ ಹಿಡಿದೇ ಕಾಕಾನ ಎದುರು ಬಂದು ನಿಂತಳು. ಆ ಹೊತ್ತಿಗೆ ಹೋಲಿಸಿದರೆ ಹೊರಸಿನ ಕೆಳಗೆ ಕೂತದ್ದು ಹಬ್ಬವಾಗಿತ್ತು.

“ಬಚ್ಚಲಕ್ಕ ಹಚ್ಚರಿ ಅಂದೆ, ಬ್ಯಾಳಿಗಿ ಹಚ್ಚೀರಿ,” ಎಂದಳು ಕೊನೆಗೆ. “ದಿನಾ ಖಣಿಗಿ ಹೋಗ್ತಿದ್ರಿ, ಈಗ ಖಣಿನೇ ಮನೀಗಿ ತಂದೀರಿ.”

ಸದ್ದು ಕೇಳಿ ಬಂದ ಶೌಕತ ಅಲಿ, ಹರವಿ ಒಡೆದು ಹೊರತೆಗೆದ ಬೇಳೆಯ ಗುಂಡನ್ನು ಸುತ್ತಲೂ ಮುಟ್ಟಿ ನೋಡಿದ. “ಸುಮ್ನ ಹೆದರಿದಿ ಭೀಮಶ್ಯಾ. ಸ್ಕೈಲ್ಯಾಬ್ ಇದರ ಮ್ಯಾಲ ಬಿದ್ದಿದ್ರ ಅದೇ ಒಡೀತಿತ್ತು.”

ಕಾಕಾ ಮರುದಿನವೇ ಬಸ್ಸು ಹತ್ತಿ ಚಿಂಚೋಳಿಯ ಮಾವನ ಮನೆಗೆ, ಕಾಕಿಯ ತವರಿಗೆ, ಬೇಳೆ ಕೇಳಲು ಹೋಗಬೇಕಾಯಿತು. “ಇದ್ದ ಬ್ಯಾಳಿ ಹ್ಯಾಂಗ ಹೋತಂತ ಅಲ್ಲಿ ನೀವೇ ಹೇಳ್ರಿ,” ಎಂಬುದು ಕಾಕಿಯ ಶಿಕ್ಷೆ. ಬೇಳೆಯ ಗುಂಡು ಈಗ ಬಚ್ಚಲಲ್ಲಿದೆ. ಅದರ ಮೇಲೆ ಬಟ್ಟೆ ಒಗೆಯುತ್ತೇವೆ.

ಡಬ್ಬಿಗಳ ಮೇಲೆ ಹೆಸರು ಬರೆಯಲು ಕಾಕಿ ನನಗೆ ಹೇಳಿದ್ದಾಳೆ. ಆದರೆ ಕಾಕಾನಿಗೆ ಓದಲು ಬಾರದು. ಅದಕ್ಕೆ ನಾಳೆ ಸಿಮೆಂಟಿನ ಡಬ್ಬಿಯ ಮೇಲೆ, ಮೊರ ಹಿಡಿದು ನಿಂತ ಕಾಕಿಯ ಚಿತ್ರ ಬರೆಯುತ್ತೇನೆ.