ಫೋಲ್ಡರ್ ತೆರೆಯದೆಯೇ ಅಪ್ಪನ ಸೈನ್ ತೋರಿಸಿದವರಿಗೆ

ಹಾಸ್ಟೆಲ್ ಆಫೀಸಿನ ಕಂಪ್ಯೂಟರಿನಲ್ಲಿ ವಾಸವಾಗಿದ್ದು, ಫೋಲ್ಡರಿನ ಬಾಗಿಲು ತೆಗೆಯದೆಯೇ ಒಳಗಿರುವುದನ್ನೆಲ್ಲ ಹೊರಗೆ ತೋರಿಸುವ ಮಾನ್ಯ ಥಂಬ್‌ನೇಲ್ ವ್ಯೂ ಅವರೇ,

ತುಮಕೂರಿನಿಂದ ಪ್ರಥಮ ಬಿ.ಎಸ್ಸಿ. ವಿದ್ಯಾರ್ಥಿನಿ, ಐದನೇ ಕ್ಲಾಸಿನಿಂದ ಹಾಸ್ಟೆಲ್ ಸಾರನ್ನೇ ಉಂಡು ಬೆಳೆದ ಜಿ. ಶಾಂತಲಾ ಮಾಡುವ ಸವಿನಯ ನಮಸ್ಕಾರಗಳು. ಎರಡು ಸಾವಿರದ ನಾಲ್ಕನೇ ಇಸವಿಯ ಆಯುಧಪೂಜೆಯಂದು ತಮ್ಮ ಮಾನಿಟರಿಗೆ ಕುಂಕುಮ ಇಟ್ಟವಳು ನಾನೇ ಎಂಬುದನ್ನು ತಾವು ಮರೆತಂತಿದೆ.

ನಮ್ಮಲ್ಲಿ ಶನಿವಾರ ಊರಿಗೆ ಹೋಗಬೇಕಾದರೆ ತಂದೆಯ ಸೈನ್ ಇರುವ ಲೀವ್ ಲೆಟರ್ ಕೊಡಬೇಕು, ಆ ಸೈನ್ ಅಡ್ಮಿಷನ್ ರಿಜಿಸ್ಟರಿನಲ್ಲಿ ಇರುವಂತೆಯೇ ಇರಬೇಕು. ಕೊತ್ತಗೆರೆಯ ನಮ್ಮಪ್ಪ ಗಂಗಹನುಮಯ್ಯನವರು ನಲವತ್ತು ದಾಟಿದ ಮೇಲೆ ಅಕ್ಷರ ಕಲಿತವರಾದ್ದರಿಂದ ಅವರ ಸೈನ್ ಇವತ್ತು ಬಂದಂತೆ ನಾಳೆ ಬರುವುದಿಲ್ಲ. ಒಂದು ದಿನ ಮಲಗಿರುತ್ತದೆ, ಒಂದು ದಿನ ಎದ್ದು ಕೂತಿರುತ್ತದೆ. ಅವರು ತಮ್ಮ ಕೈಯಾರೆ ಮಾಡಿಕೊಟ್ಟ ಮೂರು ಸೈನ್‌ಗಳನ್ನೂ ವಾರ್ಡನ್ ಶಿವರುದ್ರಮ್ಮ ಮೇಡಂ ಡೂಪ್ಲಿಕೇಟ್ ಎಂದು ವಾಪಸ್ ಮಾಡಿದರು. ಎರಡು ತಿಂಗಳು ಊರಿನ ಮುಖ ಕಾಣದ ನಾನು, ಮೆಸ್ ಮೆನು ಟೈಪ್ ಮಾಡುವ ನೆಪದಲ್ಲಿ ರಿಜಿಸ್ಟರಿನ ಸೈನನ್ನು ಸ್ಕ್ಯಾನ್ ಮಾಡಿ, ಅದರಂತೆ ನಾನೇ ಬರೆದ ಮೂರನ್ನೂ ಸ್ಕ್ಯಾನ್ ಮಾಡಿ ಹೋಲಿಸಿ, ನಾಲ್ಕನ್ನೂ ‘ಬಾಟನಿ ರೆಕಾರ್ಡ್’ ಎಂಬ ಫೋಲ್ಡರಿನಲ್ಲಿ ಬಚ್ಚಿಟ್ಟೆ. ನಾನು ಮಾಡಿದ ಸೈನ್ ನೋಡಿ ಮೇಡಂ, “ನೋಡು, ಇದು ಒರಿಜಿನಲ್ಲು. ನಿಮ್ಮಪ್ಪಂಗೆ ಹೇಳು, ಇನ್ಮೇಲೆ ಹಿಂಗೇ ಮಾಡ್ಲಿ” ಎಂದರು.

ಮೇಡಂ ಮರ್ಯಾದಸ್ಥರು, ಹುಡುಗಿ ಎದುರಿಗಿಲ್ಲದೆ ಅವಳ ಟ್ರಂಕಿಗೆ ಕೈ ಹಾಕುವವರಲ್ಲ. ನನ್ನ ಫೋಲ್ಡರನ್ನೂ ತೆರೆಯುತ್ತಿರಲಿಲ್ಲ. ತಾವಾದರೋ ಅಂಗಡಿ ಮುಂದೆ ಬಾಳೆಗೊನೆ ಕಟ್ಟಿದಂತೆ ನಾಲ್ಕು ಸೈನ್‌ಗಳನ್ನೂ ಪುಟ್ಟ ಪುಟ್ಟ ಚಿತ್ರ ಮಾಡಿ ಫೋಲ್ಡರಿನ ಎದೆಯ ಮೇಲೆ ಕಟ್ಟಿದಿರಿ! ಇಷ್ಟೊಂದು ಟ್ಯಾಲೆಂಟ್ ಇರುವ ತಾವು ಆಫೀಸಿನಲ್ಲೇ ಕೊಳೆಯಬಾರದು. ದಯವಿಟ್ಟು ಮೆಸ್ಸಿಗೆ ಬಂದು ಮುಚ್ಚಳ ತೆಗೆಯುವ ಮೊದಲೇ ಸಾಂಬಾರಿನೊಳಗಿನ ನಾಲ್ಕು ತರಕಾರಿಗಳನ್ನು, ನಾಲ್ಕಿದ್ದರೆ, ತೋರಿಸಬೇಕು. ಸೀಲ್ ಒಡೆಯುವ ಮೊದಲೇ ಕೆಮಿಸ್ಟ್ರಿ ಪೇಪರಿನ ನಾಲ್ಕು ಪ್ರಶ್ನೆಗಳನ್ನೂ ಕೃಪೆ ಮಾಡಬೇಕು.

ತಾವು ಕಟ್ಟಿದ ಸೈನ್‌ಗಳನ್ನು ಕಂಡ ಮೇಡಂ ಗುರುವಾರ ಅಪ್ಪನನ್ನು ಕರೆಸಿದರು. “ಇದ್ರಲ್ಲಿ ನಿಮ್ದು ಯಾವ್ದು? ನಿಜ ಹೇಳಿ, ಇಲ್ಲಾಂದ್ರೆ ಮಗಳ ಸೀಟು ಕ್ಯಾನ್ಸಲ್” ಎಂದರು ಮೇಡಂ. ಅಪ್ಪ ಸ್ಕ್ರೀನಿಗೆ ಮೂಗು ತಾಗುವಷ್ಟು ಬಗ್ಗಿ, ನಾನು ಬರೆದ ಒಂದರ ಮೇಲೆ ಬೆರಳಿಟ್ಟು, “ಇದು ನಂದೇಯ. ಎಷ್ಟು ನೀಟಾಗಿ ಬಂದೈತೆ ನೋಡಿ! ಮಿಕ್ಕಿದ್ದು ಯಾರ್ದೋ ಕಾಣೆ” ಎಂದುಬಿಟ್ಟರು. ಕಾಗದ ಕೊಟ್ಟು ಬರೆಸಿದರೆ ಐದನೆಯ ತರದ್ದೊಂದು ಬಂತು.

ಮೇಡಂ ತಲೆ ಹಿಡಿದುಕೊಂಡು ಇಂಕ್ ಪ್ಯಾಡ್ ಮುಂದೆ ತಳ್ಳಿದರು. “ಇನ್ಮೇಲೆ ಹೆಬ್ಬೆಟ್ಟೇ ಒತ್ತಿಬಿಡಿ, ಅದು ಬದಲಾಗಲ್ಲ.”

ಅಪ್ಪ ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡರು. “ಅದ್ನ ಬುಟ್ಟು ಹತ್ತು ವರ್ಷಾಯ್ತು ತಾಯಿ. ಬೇಕಾರೆ ವಾರ ವಾರ ಬಂದು ನಿಮ್ಮ ಕಣ್ಮುಂದೇನೇ ಬರ್ಕೊಡ್ತೀನಿ.”

ಮೇಡಂ ಇಂಕ್ ಪ್ಯಾಡನ್ನು ಡ್ರಾಯರಿಗೆ ಹಾಕಿದರು. ಸೀಟು ಉಳಿಯಿತು. ತಮ್ಮ ಕೃಪೆಯಿಂದ ಈಗ ಅಪ್ಪ ಪ್ರತಿ ಶನಿವಾರ ಎರಡು ಬಸ್ಸು ಬದಲಾಯಿಸಿ ತುಮಕೂರಿಗೆ ಬಂದು, ಮಗಳು ಅಪ್ಪನನ್ನು ನೋಡಲು ಕೊತ್ತಗೆರೆಗೆ ಬರುವುದಕ್ಕೆ ಅಪ್ಪನ ಅಭ್ಯಂತರವಿಲ್ಲವೆಂಬ ಪತ್ರಕ್ಕೆ ನಾಲಿಗೆ ಕಚ್ಚಿಕೊಂಡು ಸೈನ್ ಮಾಡಿ, ನನ್ನ ಬ್ಯಾಗ್ ಹೆಗಲಿಗೇರಿಸಿಕೊಂಡು, ನನ್ನ ಪಕ್ಕದ ಸೀಟಿನಲ್ಲೇ ಕೂತು ಕೊತ್ತಗೆರೆಗೆ ವಾಪಸಾಗುತ್ತಾರೆ.

ಮುಚ್ಚಿಡಲು ಇನ್ನೇನೂ ಉಳಿಯದ
ತಮ್ಮ ವಿಶ್ವಾಸಿ,
ಜಿ. ಶಾಂತಲಾ

ತಾ.ಕ.: ಮೇಡಂ ಅವರ ‘ಸುತ್ತೋಲೆಗಳು’ ಫೋಲ್ಡರಿನ ಮೇಲೂ ಅವರೇ ಕೂಲಿಂಗ್ ಗ್ಲಾಸ್ ಹಾಕಿಕೊಂಡ ನಾಲ್ಕು ಪೋಸುಗಳನ್ನು ತಾವು ಕಟ್ಟಿದ್ದೀರಿ. ನಾನೂ ಮರ್ಯಾದಸ್ಥೆ, ತೆರೆದಿಲ್ಲ. ಮೂರನೆಯದು ಚೆನ್ನಾಗಿದೆ.