ಅಂಗಡಿಗೆ ಬಂದ ಚರ್ಚಿನ ಬೆಂಚುಗಳು

ಕೆನಡಾದ ಸ್ಟ್ರೀಟ್ಸ್‌ವಿಲ್‌ನಲ್ಲಿ ಟೈಲ್ಸು, ನೆಲದ ಹಲಗೆ ಮಾರುವವನಿಗೆ ನಗಲಿಕ್ಕೆ ವಿಷಯ ಗಿರಾಕಿಗಳೇ ತಂದುಕೊಡುತ್ತಾರೆ. ಆದರೂ ನಮ್ಮ ಬೀದಿಯ ಹಳೇ ಚರ್ಚು ರಿಪೇರಿಗೆ ಬಂದ ವರ್ಷ ನಕ್ಕಷ್ಟು ಇನ್ಯಾವಾಗಲೂ ನಕ್ಕಿಲ್ಲ.

೧

ನೆಲ ಕಿತ್ತು ಹೊಸದು ಹಾಕುವ ತನಕ ಬೆಂಚು ಇಡಲು ಪಾದ್ರಿಗೆ ಜಾಗ ಬೇಕಿತ್ತು. ನನಗೆ ನೆಲದ ಆರ್ಡರು ಬೇಕಿತ್ತು. "ನಮ್ಮಲ್ಲಿಡಿ ಫಾದರ್, ಬಾಡಿಗೆ ಬೇಡ" ಎಂದೆ. ಹದಿನಾಲ್ಕು ಬೆಂಚು ಬಂದವು. ಹಿಂದೆಯೇ, ಹಳೇ ವಸ್ತುಗಳ ಪಟ್ಟಿ ಮಾಡುವ ತಜ್ಞೆಯೊಬ್ಬರು ಬಂದರು. ನನ್ನ ಹೆಂಡತಿ ಬೆಂಚಿನಡಿ ಅಂಟಿದ್ದ ಚ್ಯೂಯಿಂಗ್ ಗಮ್ ಕೆರೆಯಲು ಹೊರಟಳು.

"ನಿಲ್ಲಿ! ಅದು ಯಾವ ಕಾಲದ್ದು ಅಂತ ಇನ್ನೂ ಗೊತ್ತಾಗಿಲ್ಲ" ಎಂದು ತಜ್ಞೆ ಕೂಗಿದರು.

ಹೆಂಡತಿ ನನ್ನತ್ತ ತಿರುಗಿ, "ಎಂತದ್ದು ಮಾರಾಯ್ರೆ, ಯಾರದ್ದೋ ಅಜ್ಜನ ಎಂಜಲಿಗೂ ರೆಕಾರ್ಡಾ?"

೨

ಭಾನುವಾರದ ಪ್ರಾರ್ಥನೆ ಶಾಲೆಯ ಜಿಮ್ಮಿಗೆ ಹೋಯಿತು. ಅಲ್ಲಿ ಪ್ಲಾಸ್ಟಿಕ್ ಕುರ್ಚಿ. ಮೊದಲ ವಾರವೇ ಚರ್ಚಿನ ಅಜ್ಜಿಯೊಬ್ಬರು ಬೆನ್ನು ಹಿಡಿದುಕೊಂಡು ನಮ್ಮ ಅಂಗಡಿಗೆ ಬಂದು, ಸೀದಾ ಮೂರನೇ ಬೆಂಚಿನ ಮುಂದೆ ನಿಂತರು. ಅಲ್ಲಿ ಹತ್ತಿರದ ಮಾಲ್ಟನ್ನಿನ ಪಂಜಾಬಿ ಕಂಟ್ರಾಕ್ಟರ್ ಒಬ್ಬ ಕೂತಿದ್ದ.

"ಅದು ನನ್ನ ಜಾಗ."

"ಹೆಸರು ಬರೆದಿದೆಯಾ, ಅಮ್ಮಾಜಿ?"

ಅಜ್ಜಿ ಬೆಂಚಿನ ಕೈಹಿಡಿಯ ಒಳಮಗ್ಗುಲು ತೋರಿಸಿದರು. ಹೆಸರಿತ್ತು! ತಜ್ಞೆಯ ಪಟ್ಟಿಯಲ್ಲಿ ಅದನ್ನು 'ಯಾರೋ ಪೋಕರಿ ಕೆತ್ತಿದ್ದು' ಎಂದು ಬರೆಯಲಾಗಿತ್ತು.

"ಎಂಟು ವರ್ಷದವಳಿದ್ದಾಗ ನಾನೇ ಕೆತ್ತಿದ್ದು" ಅಂದರು ಅಜ್ಜಿ. "ಅವತ್ತು ಉಪದೇಶ ಉದ್ದವಾಗಿತ್ತು."

೩

ಮುಂದಿನ ಭಾನುವಾರ ಜಿಮ್ಮು ಬಿಟ್ಟು ಅಜ್ಜಿಯ ಜೊತೆ ನಾಲ್ವರು ಅಂಗಡಿಗೆ ಬಂದರು. ಹೆಂಡತಿ ಚಾ ಕೊಟ್ಟಳು. ಅದೇ ತಪ್ಪಾದದ್ದು, ತಿಂಗಳೊಳಗೆ ಇಪ್ಪತ್ತು ಜನ. ಪಾದ್ರಿ ಮುಖ ಸಣ್ಣದು ಮಾಡಿಕೊಂಡು ಬಂದರು.

"ಜಿಮ್ಮಿನಲ್ಲಿ ಈಗ ಆರೇ ಜನ. ಹೀಗಾದ್ರೆ ರಿಪೇರಿಯಾದ ಚರ್ಚಲ್ಲಿ ನಾನೊಬ್ಬನೇ ಕೂರಬೇಕು."

"ನೆಲದ ಆರ್ಡರು ಬೇಗ ಕೊಡಿ ಫಾದರ್. ಬೆಂಚು ಹೋದರೆ ಅವುಗಳ ಹಿಂದೆ ಜನ ಬಂದೇ ಬರ್ತಾರೆ."

ಮರುದಿನವೇ ಆರ್ಡರು ಬಂತು.

ಚರ್ಚು ತೆರೆದ ಭಾನುವಾರ ನಾವೂ ಹೋದೆವು. ನೆಲ ಫಳಫಳ, ಕಿಟಕಿಗೆ ಹೊಸ ಬಣ್ಣ, ಹದಿನಾಲ್ಕು ಬೆಂಚೂ ಭರ್ತಿ. ಪಾದ್ರಿಗೆ ಹೋದ ಜೀವ ಬಂದಂತಾಗಿತ್ತು. ಪ್ರಾರ್ಥನೆ ಮುಗಿಯುವ ತನಕ ಅಜ್ಜಿ ಮೇಲಕ್ಕೇ ನೋಡುತ್ತಿದ್ದರು, ಕಣ್ಣು ಮಿಟುಕಿಸದೆ.

ಪಾದ್ರಿ ಅಜ್ಜಿಯ ಕೈಹಿಡಿದು, "ಇಂಥ ಭಕ್ತಿ ನೋಡಿ ಎಷ್ಟು ದಿನವಾಗಿತ್ತು!" ಅಂದರು.

"ಭಕ್ತಿ ಅಲ್ಲ ಫಾದರ್. ಚರ್ಚಿನ ಮಾಡು ಎಲ್ಲಿ ಸೋರ್ತದೆ ಅಂತ ಹುಡುಕ್ತಿದ್ದೆ. ಒಂದು ಕಡೆ ಒದ್ದೆ ಸಿಕ್ತು. ಬೆಂಚು ಅಂಗಡಿಗೆ ವಾಪಸ್ಸು ಸಾಗಿಸೋದು ಯಾವಾಗ?"